ಅನುಮತಿ ಇದ್ದವರ ಪಟ್ಟಿ

ವರ್ಧಮಾನ ಜೆರಾಕ್ಸ್ ಹಾಳೆಗಳ ಕಟ್ಟನ್ನು ಮೇಜಿನ ಮೇಲೆ ಎಸೆದ ರಭಸಕ್ಕೆ ಪ್ರಾಂಶುಪಾಲೆ ಸುಂದರಾಬಾಯಿಯವರ ಚಹಾ ತಟ್ಟೆಗೆ ತುಳುಕಿತು.

"ನೋಡ್ರಿ ಮೇಡಮ್. ಬಸ್‌ಸ್ಟ್ಯಾಂಡ್ ಬಾಜೂ ಅಂಗಡಿಯೊಳಗ ಹುಡುಗೂರು ಪಾಳಿ ಹಚ್ಚಿ ತಗೊಳ್ಳಾಕತ್ತಾರ. ನನ್ನ ಐದ ವರ್ಷದ ದುಡಿಮಿ ಇದು!"

ಗೋಕಾಕದ ಆ ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಅವನು ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ಆಂತರಿಕ ಪರೀಕ್ಷೆಗಳ ಪ್ರಶ್ನೆಗಳೆಲ್ಲ ಒಂದೇ ಫೈಲಿನಲ್ಲಿದ್ದವು; ಈಗ ಜೆರಾಕ್ಸ್ ಆಗಿ ಹೊರಬಿದ್ದಿದ್ದು ಅವೇ. ಅದರ ಮಾಲೀಕ ಅವನೊಬ್ಬನೇ. ಈಗ 2004ರ ಆಗಸ್ಟ್. ಪರೀಕ್ಷೆಗೆ ಎಂಟು ದಿನವಿದೆ.

ನಿನ್ನೆಯಿಡೀ ಅವನು ಕಾಲೇಜಿನ ದೊಡ್ಡ ಕಂಪ್ಯೂಟರಿನ ಮುಂದೆ ಕೂತಿದ್ದ. ಫೈಲಿನ ಎದುರು ಅವನ ಹೆಸರೇ ಇತ್ತು. ಆದರೆ ಪಕ್ಕದಲ್ಲಿ ಸಣ್ಣದೊಂದು ಕೂಡಿಸುವ ಚಿಹ್ನೆ. ಮಾಲೀಕನಲ್ಲದ ಇನ್ಯಾರಿಗೋ ಫೈಲು ಓದುವ ಅನುಮತಿ ಸಿಕ್ಕಿದೆ ಎಂದು ಅದರ ಅರ್ಥ. ಆ ಅನುಮತಿಗಳ ಪಟ್ಟಿಯನ್ನು ಹೊರಗೆಳೆಯಲು ಅವನು ಸಿ ಭಾಷೆಯಲ್ಲಿ ಅರವತ್ತು ಸಾಲಿನ ಪ್ರೋಗ್ರಾಂ ಬರೆದ. ಎರಡು ಸಲ ತಪ್ಪು ತೋರಿಸಿತು. ಮೂರನೆಯ ಸಲ ಪರದೆಯ ಮೇಲೆ ಒಂದೇ ಒಂದು ಹೆಸರು ಮೂಡಿತು.

ಭಾಗ್ಯಾ.

ಬೆಲ್ಲದ ಬಾಗೇವಾಡಿಯಿಂದ ದಿನಾ ಬಸ್ಸಿನಲ್ಲಿ ಬರುವ ಲ್ಯಾಬ್ ಬೋಧಕಿ. ಕೆಲಸಕ್ಕೆ ಸೇರಿ ಆರು ವಾರವಾಗಿತ್ತಷ್ಟೆ, ಅದೂ ತಾತ್ಕಾಲಿಕ. ಮೊದಲ ದಿನದಿಂದಲೂ ಅವಳು ಪ್ರಶ್ನೆ ಕೇಳುವುದು ಅವನಿಗೆ ಹಿಡಿಸಿರಲಿಲ್ಲ. ಅವಳನ್ನು ಕೆಲಸದಿಂದ ತೆಗೆಯುವ ಪತ್ರವನ್ನು ಅವನೇ ಟೈಪ್ ಮಾಡಿ ತಂದಿದ್ದ. ಸುಂದರಾಬಾಯಿಯವರ ಸಹಿಯೊಂದು ಬಾಕಿ.

ಭಾಗ್ಯಾ ಒಳಗೆ ಬಂದಳು.

"ಫೈಲ್ ಯಾಕ ತಗದಿ?"

"ನಾ ಯಾವ ಫೈಲೂ ತಗದಿಲ್ರಿ ಸರ್."

"ಮಷೀನ್ ಸುಳ್ಳ ಹೇಳತೈತೇನ ಹಂಗಾರ?"

ಸುಂದರಾಬಾಯಿ ನಡುವೆ ಬಾಯಿ ಹಾಕಿದರು. "ವರ್ಧಮಾನ ಸರ್, ಈ ಅನುಮತಿ ಕೊಡಾಕ ಯಾರಿಗೆ ಬರತೈತ್ರಿ?"

"ಫೈಲಿನ ಮಾಲಕಗಷ್ಟ. ಅಂದ್ರ ನನಗ. ಈಕಿ ನನ್ನ ಪಾಸ್‌ವರ್ಡ್ ಕದ್ದಾಳ. ಅದನ್ನ ನಾ ಕಾಲೇಜಿನ್ಯಾಗ ಎಲ್ಲೂ ಬರದಿಟ್ಟಿಲ್ಲ. ಮನ್ಯಾಗಿನ ಡೈರಿಯೊಳಗ ಐತಿ, ಅಷ್ಟ."

ಸುಂದರಾಬಾಯಿ ಹಾಳೆಗಳನ್ನು ತಿರುವಿದರು. "ಜೂನ್‌ದಾಗ ನೀವು ನಲವತ್ತ ಪ್ರಶ್ನಿ ಸೇರಿಸಿದ್ರಲ್ಲ, ಅವು ಇದರಾಗ ಕಾಣವಲ್ಲವು."

"ಬೇಕಂತನ ಬಿಟ್ಟಾಳ್ರಿ. ಅನುಮಾನ ಬರಬಾರದು ಅಂತ." ಅವನ ದನಿ ಕಾರಿಡಾರಿನವರೆಗೂ ಕೇಳುತ್ತಿತ್ತು. ಬಾಗಿಲ ಬಳಿ ಯಾರೋ ನಿಂತು, ಸರಿದು ಹೋದರು. "ಕಷ್ಟಪಟ್ಟು ಓದೂದಂದ್ರ ಏನು ಗೊತ್ತೈತಿ ನಿನಗ? ನನ್ನ ದೀಪಾಲಿ ಇದ ಕಾಲೇಜಿನ್ಯಾಗ ಓದಿ ಮೇ ತಿಂಗಳದಾಗ ಪಾಸಾಗಿ ಹೋದ್ಲು. ಎಲ್ಲಾರಕಿಂತ ಮೊದಲ ಬಂದ್ಲು. ಹಡದ ಮಗಳಿಗಿ ನಾ ಒಂದ ಪ್ರಶ್ನಿ ಹೇಳಿಲ್ಲ. ಅಂಥಾ ಹುಡುಗೂರ ಬಾಯಾಗ ಮಣ್ಣ ಹಾಕಿದಿ ನೀ!"

ಅವಳು ಅಳುತ್ತಾಳೆ ಎಂದುಕೊಂಡಿದ್ದ. ಭಾಗ್ಯಾ ಅಳಲಿಲ್ಲ. ಕಿವಿ ಕೆಂಪಾಗಿದ್ದವು, ಮುಷ್ಟಿ ಬಿಗಿದಿತ್ತು.

"ನನ್ನ ಕಳ್ಳಿ ಅಂದ್ರಿ ಸರ್. ಅಂದಿದ್ದನ್ನ ತೋರಸ್ರಿ. ನಿಮ್ಮ ಪ್ರೋಗ್ರಾಂ ನಾ ನೋಡಬೇಕು."

"ನನ್ನ ಪ್ರೋಗ್ರಾಂ ತಪಾಸ ಮಾಡಾಕ ನೀ ಯಾರು?"

"ತೋರಸ್ರಿ," ಎಂದರು ಸುಂದರಾಬಾಯಿ. ಅವರ ಪೆನ್ನು ಇನ್ನೂ ಮುಚ್ಚಿಯೇ ಇತ್ತು.

ಮೂವರೂ ಲ್ಯಾಬಿಗೆ ನಡೆದರು. ಭಾಗ್ಯಾ ನಿಂತುಕೊಂಡೇ ಅರವತ್ತೂ ಸಾಲು ಓದಿದಳು. ನಲವತ್ತೊಂದನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಸರ್, ಫೈಲಿನ ಪಟ್ಟಿಯೊಳಗ ಹೆಸರ ಇರೂದಿಲ್ರಿ, ಒಬ್ಬೊಬ್ಬರ ಖಾತೆದ ನಂಬರ ಇರತೈತಿ. ನಿಮ್ಮ ಪ್ರೋಗ್ರಾಂ ಆ ನಂಬರ ತಗೊಂಡು, ಇವತ್ತ ಅದು ಯಾರದೈತಿ ಅಂತ ಮಷೀನಿಗೆ ಕೇಳಾಕತ್ತೈತಿ. ಐದನೂರಾ ಹದಿನಾಲ್ಕು ಇವತ್ತ ನಂದು, ಖರೆ. ನಾ ಬರೂಕಿಂತ ಮೊದಲ ಯಾರದಿತ್ತು?"

"ಯಾವನೋ ವಿದ್ಯಾರ್ಥಿದು ಇರತೈತಿ. ಪಾಸಾಗಿ ಹೋದವರ ಖಾತೆ ಜೂನ್‌ದಾಗ ಅಳಸ್ತೇನಿ. ಖಾಲಿ ಆದ ನಂಬರ ಹೊಸಬರಿಗೆ ಕೊಡ್ತೇನಿ. ಅದಕ್ಕೇನೀಗ?"

"ಖಾತೆ ಅಳಿಸಿದ್ರೂ ಫೈಲಿನ ಪಟ್ಟಿಯೊಳಗ ಆ ನಂಬರ ಹಂಗ ಉಳಿತೈತ್ರಿ. ನಂಬರ ನನಗ ಬಂತು, ಅದರ ಕೂಡ ಅನುಮತಿನೂ ಬಂತು. ನನಗ ಗೊತ್ತಿಲ್ಲದ."

ಅದು ನಿಜವೆಂದು ಅವನಿಗೆ ತಕ್ಷಣ ಹೊಳೆಯಿತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು. ನಿನ್ನೆ ಮೊನ್ನೆ ಬಂದವಳು, ಪ್ರಾಂಶುಪಾಲರ ಎದುರಿನಲ್ಲಿ, ತನಗೆ ಪಾಠ ಹೇಳುವುದೇ! ಅವನು ಕಪಾಟಿನ ಬಾಗಿಲನ್ನು ಧಡಾರನೆ ತೆಗೆದು, ಮೇ ತಿಂಗಳ ಬಳಕೆದಾರರ ಪಟ್ಟಿಯಿದ್ದ ಸಿ.ಡಿ. ಹುಡುಕಿ ಯಂತ್ರಕ್ಕೆ ತುರುಕಿದ.

"ಆತು. ನಿನ್ನ ಸಮಾಧಾನಕ್ಕ ಅದನ್ನೂ ನೋಡೂನು. ಯಾವಾಕಿ ಇರಲಿ, ಯಾವಾಂವ ಇರಲಿ, ಅವರ ಡಿಪ್ಲೊಮಾ ರದ್ದ ಮಾಡ್ಸೂತನಕ ನಾ ಬಿಡೂದಿಲ್ಲ. ಅವರ ಅಪ್ಪ ಬಂದು ಕಾಲ ಬಿದ್ದರೂ ಬಿಡೂದಿಲ್ಲ. ಬರಕೋರಿ ಮೇಡಮ್."

ಸುಂದರಾಬಾಯಿ ಪೆನ್ನಿನ ಮುಚ್ಚಳ ತೆಗೆದರು.

"ಐದನೂರಾ ಹದಿನಾಲ್ಕು," ಎಂದು ಗಟ್ಟಿಯಾಗಿ ಓದತೊಡಗಿದ ವರ್ಧಮಾನ ಅಲ್ಲಿಗೇ ನಿಂತುಬಿಟ್ಟ, ಉಳಿದದ್ದನ್ನು ಭಾಗ್ಯಾ ಓದಿದಳು: "ದೀಪಾಲಿ ವರ್ಧಮಾನ."