ನಾಲ್ಕನೆಯ ತ್ರಿಭುಜ

"ನಮ್ಮನ್ನೇ ಐದನೇ ಕ್ಲಾಸ್ ಮಕ್ಕಳು ಅಂದ್ಕೊಳ್ಳಿ ಮೇಡಂ" ಎಂದು ಪ್ರೇಮ್‌ಕುಮಾರ್ ಮಕ್ಕಳ ಬೆಂಚಿನೊಳಗೆ ಕಷ್ಟಪಟ್ಟು ಹೊಟ್ಟೆ ತೂರಿಸಿ ಕೂತರು. ಕಮ್ಮನಹಳ್ಳಿಯ ಆ ಖಾಸಗಿ ಶಾಲೆಗೆ ಅವರೇ ಕಾರ್ಯದರ್ಶಿ. ಕಟ್ಟಡ ಅವರದು, ಬಸ್ಸುಗಳು ಅವರವು. ಹೀಗಾಗಿ ಶಿಕ್ಷಣದ ಬಗ್ಗೆ ಕೊನೆಯ ಮಾತೂ ಅವರದೇ. ಅವರು ಕೂತದ್ದು ಖಾತ್ರಿಯಾದ ಮೇಲೆ ಮುಖ್ಯೋಪಾಧ್ಯಾಯಿನಿ ಮಾರಿಯಾ ಪಕ್ಕದ ಬೆಂಚಿನಲ್ಲಿ ಕೂತರು. ಬೇಸಿಗೆ ರಜೆಯಾದ್ದರಿಂದ ಡೆಮೊ ಪಾಠಕ್ಕೆ ಮಕ್ಕಳು ಯಾರೂ ಇರಲಿಲ್ಲ.

ಪಾಠ ಮಾಡಿ ತೋರಿಸಬೇಕಾದವಳು ಖುರ್ಷೀದಾ. ಶಿವಾಜಿನಗರದಲ್ಲಿ ಅವಳು ಗಣಿತ ಕಲಿಸುತ್ತಿದ್ದ ಶಾಲೆಗೆ ಬೀಗ ಬಿದ್ದಿತ್ತು. ಜೂನ್ ಹತ್ತಿರ ಬಂದಿದ್ದರೂ ಬೇರೆ ಎಲ್ಲಿಂದಲೂ ಕರೆ ಬಂದಿರಲಿಲ್ಲ. 'ಚಟುವಟಿಕೆಗಳ ಮೂಲಕ ಗಣಿತ ಕಲಿಸಬಲ್ಲ ಶಿಕ್ಷಕರು ಬೇಕಾಗಿದ್ದಾರೆ' ಎಂಬ ಈ ಶಾಲೆಯ ಜಾಹೀರಾತನ್ನು ಅವಳು ನಂಬಿದ್ದಳು. ನಂಬಿ, ಬೆಂಕಿಕಡ್ಡಿಗಳ ಮದ್ದು ಕೆರೆದು ತೆಗೆದು ಒಂದು ಡಬ್ಬಿ ತುಂಬ ತಂದಿದ್ದಳು. ಇಬ್ಬರ ಮುಂದೂ ಒಂದೊಂದು ಹಿಡಿ ಸುರಿದು, ತಾನೂ ಮೇಜಿನ ಮೇಲೆ ಜೋಡಿಸತೊಡಗಿದಳು.

"ಮೂರು ಕಡ್ಡಿಗೆ ಒಂದು ತ್ರಿಭುಜ. ಅದರದ್ದೇ ಒಂದು ಬದಿ ಬಳಸ್ಕೊಂಡು ಪಕ್ಕದಲ್ಲಿ ಇನ್ನೊಂದು ಕಟ್ಟಿದ್ರೆ ಒಟ್ಟು ಐದು ಕಡ್ಡಿ. ಹೀಗೇ ಅಂಟಿಸ್ಕೊಂಡು ಮೂರು ಕಟ್ಟಿದ್ರೆ ಏಳು. ನಾಲ್ಕು ಕಟ್ಟೋಕೆ ಎಷ್ಟು ಬೇಕು ಸರ್? ಊಹಿಸಿ, ಆಮೇಲೆ ಜೋಡಿಸಿ ನೋಡೋಣ."

"ಹನ್ನೆರಡು" ಎಂದರು ಪ್ರೇಮ್‌ಕುಮಾರ್. ಯೋಚಿಸುವುದು ಸಂಬಳ ತೆಗೆದುಕೊಳ್ಳುವವರ ಕೆಲಸವೆಂದು ಅವರು ಎಂದೋ ತೀರ್ಮಾನಿಸಿದ್ದರು. "ಮೂರ್ನಾಲ್ಕ್ಲಿ ಹನ್ನೆರಡು. ಇದಕ್ಕೆ ಕಡ್ಡಿ ಯಾಕ್ರೀ?"

"ಸರಿ ಸರ್, ಈಗ ಜೋಡಿಸಿ ನೋಡಿ."

ಅವರು ಜೋಡಿಸಿದರು. ಒಂದಕ್ಕೊಂದು ಸೋಕದಂತೆ ನಾಲ್ಕು ತ್ರಿಭುಜಗಳನ್ನು ಬೆಂಚಿನ ನಾಲ್ಕು ಕಡೆ ಇಟ್ಟು, "ಎಣಿಸ್ಕೊಳ್ಳಿ" ಎಂದರು.

"ಇವು ಬಿಡಿಬಿಡಿಯಾಗಿವೆ ಸರ್. ಅಂಟ್ಕೊಂಡಿರಬೇಕು."

"ಅದನ್ನ ಮೊದ್ಲೇ ಹೇಳ್ಬೇಕಿತ್ತು."

"ಹೇಳಿದೆ ಸರ್."

ಆ ಕಟ್ಟಡದಲ್ಲಿ ಯಾರೂ ಅವರಿಗೆ ಹೀಗೆ ಹೇಳಿರಲಿಲ್ಲ. ಅವರು ಪಕ್ಕಕ್ಕೆ ತಿರುಗಿದರು. "ಮಿಸ್, ನೀವು ಮ್ಯಾಥ್ಸ್‌ನೋರಲ್ವಾ? ನೀವೇ ಹೇಳಿ, ಎಷ್ಟು?"

ಮಾರಿಯಾ ಇಷ್ಟು ಹೊತ್ತು ಸುಮ್ಮನೆ ಕೂತಿರಲಿಲ್ಲ. ಅವರ ಬೆಂಚಿನ ಮೇಲೆ ನಾಲ್ಕು ತ್ರಿಭುಜಗಳು ಒಂದರ ಬದಿಯನ್ನು ಇನ್ನೊಂದು ಹಂಚಿಕೊಂಡು ಅಚ್ಚುಕಟ್ಟಾಗಿ ಮಲಗಿದ್ದವು. ಖುರ್ಷೀದಾ ಅದನ್ನು ನೋಡಿದಳು. ಅವಳು ನೋಡನೋಡುತ್ತಿದ್ದಂತೆ ಮಾರಿಯಾ ಅಂಗೈಯಿಂದ ಕಡ್ಡಿಗಳನ್ನೆಲ್ಲ ಗುಡ್ಡೆ ಮಾಡಿ ಕಲೆಸಿಬಿಟ್ಟರು.

"ಹನ್ನೆರಡೂ ಆಗುತ್ತೆ ಸರ್" ಎಂದರು. "ಒಂದು ಆ್ಯಂಗಲ್‌ನಿಂದ ನೋಡಿದ್ರೆ."

"ನೋಡಿ, ಹೆಡ್ ಮಿಸ್ಸೇ ಹೇಳ್ತಿದ್ದಾರೆ. ಈಗ ನೀವೇನಂತೀರಾ ಮೇಡಂ?"

ಕೆಲಸ ಆ ಪ್ರಶ್ನೆಯೊಳಗೇ ಇತ್ತು. ಹನ್ನೆರಡು ಎಂದರೆ ಸಿಗುತ್ತದೆ ಎಂಬುದು ಖುರ್ಷೀದಾಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೂ ಮೇಜಿನ ಮೇಲಿದ್ದ ತನ್ನ ಸಾಲಿಗೆ ಇನ್ನೆರಡು ಕಡ್ಡಿ ಸೇರಿಸಿದಳು.

"ಒಂಬತ್ತು ಸರ್. ಪ್ರತಿ ಸಲ ಎರಡೇ ಸೇರೋದು. ಇದು ಕೈಗೆ ಸಿಕ್ಕಿದ್ರೆ ಸಾಕು, ನೂರು ತ್ರಿಭುಜ ಅಂದ್ರೂ ಮಗು ಕಡ್ಡಿ ಎಣಿಸೋಕೆ ಹೋಗಲ್ಲ. ಎರಡರಷ್ಟು ಮಾಡಿ ಒಂದು ಸೇರಿಸಿದ್ರೆ ಆಯ್ತು ಅಂತ ತಾನೇ ಹೇಳುತ್ತೆ. ಬೀಜಗಣಿತ ಶುರುವಾಗೋದು ಅಲ್ಲಿಂದಾನೇ."

"ಮಗು ತಾನೇ ಹೇಳೋದಾದ್ರೆ ನಿಮಗೆ ಯಾಕ್ರೀ ಸಂಬಳ ಕೊಡ್ಬೇಕು?" ತಮ್ಮ ಮಾತಿಗೆ ತಾವೇ ಮೆಚ್ಚಿ ಪ್ರೇಮ್‌ಕುಮಾರ್ ನಕ್ಕರು. ಮಾರಿಯಾ ಅವರಿಗಿಂತ ಒಂದಿಷ್ಟು ಕಡಿಮೆ ನಕ್ಕರು. "ನಿಮಗೆ ಹಠ ಜಾಸ್ತಿ ಮೇಡಂ. ನಮಗೆ ಅಡ್ಜಸ್ಟ್ ಮಾಡ್ಕೊಂಡು ಹೋಗೋರು ಬೇಕು. ಈ ಕಡ್ಡಿ ಮಾತ್ರ ಇಲ್ಲೇ ಬಿಟ್ಟು ಹೋಗಿ. ಅಡ್ಮಿಷನ್ ಬ್ಯಾನರ್‌ಗೆ ಫೋಟೋ ಚೆನ್ನಾಗಿ ಬರುತ್ತೆ."

"ಕಡ್ಡಿ ನನ್ನವು ಸರ್" ಎಂದಳು ಖುರ್ಷೀದಾ. ಅವರ ಬೆಂಚಿನ ಮೇಲಿದ್ದ ನಾಲ್ಕು ಒಂಟಿ ತ್ರಿಭುಜಗಳನ್ನೂ ಬಿಡದೆ ಒಂದೊಂದಾಗಿ ಆರಿಸಿ ಡಬ್ಬಿಗೆ ತುಂಬಿಕೊಂಡಳು. ಬೆಂಚಿನಿಂದ ಏಳಲು ಒದ್ದಾಡುತ್ತಿದ್ದ ಕಾರ್ಯದರ್ಶಿಗೆ ಕೈ ಕೊಡಲು ಮಾರಿಯಾ ಧಾವಿಸಿದರು.

ಗೇಟಿನ ಹತ್ತಿರ ಹಿಂದಿನಿಂದ ಯಾರೋ ಓಡಿಬಂದ ಸದ್ದಾಯಿತು. ಮಾರಿಯಾ.

"ಒಂಬತ್ತೇ ಕಣಮ್ಮಾ" ಎಂದರು ಏದುಸಿರು ಬಿಡುತ್ತ, ತಗ್ಗಿದ ದನಿಯಲ್ಲಿ. "ಬೇಜಾರ್ ಮಾಡ್ಕೋಬೇಡಿ. ನಿಮ್ಮದೇ ಸರಿ."

"ಗೊತ್ತು ಮಿಸ್. ನೀವು ಜೋಡಿಸಿದ್ದು ನೋಡಿದೆ."

ಖುರ್ಷೀದಾ ಹೊರಟವಳು ನಿಂತಳು. "ಒಂದು ಮಾತು ಕೇಳ್ತೀನಿ. ಸ್ಕೂಲ್ ಶುರುವಾದ ಮೇಲೆ ಒಂದು ಮಗು ಇದನ್ನೇ ಜೋಡಿಸಿ, ಒಂಬತ್ತು ಮಿಸ್ ಅಂತ ಬಂದು ತೋರಿಸಿದ್ರೆ ಏನ್ ಹೇಳ್ತೀರಾ?"

"ಸರಿ ಅಂತಾನೇ ಹೇಳ್ತೀನಮ್ಮಾ, ಮಗುಗೆ ಸುಳ್ಳು ಹೇಳೋಕಾಗುತ್ತಾ?" ಮಾರಿಯಾ ಒಮ್ಮೆ ಕಟ್ಟಡದ ಕಡೆ ತಿರುಗಿ ನೋಡಿದರು. "ಆದ್ರೆ ಎಲ್ಲಾ ಕ್ಲಾಸಲ್ಲೂ ಕ್ಯಾಮೆರಾ ಇದೆ, ಸರ್ ಮೊಬೈಲಲ್ಲೇ ನೋಡ್ತಿರ್ತಾರೆ. ಹೊರಗೆ ಕರ್ಕೊಂಡು ಬಂದು ಹೇಳ್ತೀನಿ."