ತೊಳೆದ ಟ್ಯೂಬು

ಮನೋರಮಾ ಟೀಚರ್ ಭಾಗವ್ವನ ಟೆಸ್ಟ್‌ಟ್ಯೂಬನ್ನು ಮೂರನೇ ಸಲ ಸೋಪು ಹಾಕಿ ತಿಕ್ಕುತ್ತಿದ್ದರು. ತಮ್ಮದನ್ನು ಬರೀ ನೀರಲ್ಲಿ ಅದ್ದಿ ಆಗಲೇ ಸ್ಟ್ಯಾಂಡಿಗೆ ಇಟ್ಟಿದ್ದರು.

ಈಗಷ್ಟೇ ಎರಡರಲ್ಲೂ ಅಯೋಡಿನ್ ಬೆರೆತ ನೀಲಿ ಗಂಜಿಯಿತ್ತು. ಒಂದಕ್ಕೆ ಟೀಚರ್ ತಮ್ಮ ಎಂಜಲು ಹಾಕಿದ್ದರು. ಇನ್ನೊಂದಕ್ಕೆ ಕುರ್ಲಾದಲ್ಲಿ ಗಟಾರದ ಹೂಳು ತೆಗೆಯುವ ಸಾಯಬಣ್ಣನ ಮಗಳು ಭಾಗವ್ವ ಹಾಕಿದ್ದಳು. ಎರಡರ ನೀಲಿಯೂ ಒಟ್ಟಿಗೇ ಮಾಯವಾಗಿ, ಎರಡೂ ಟ್ಯೂಬು ಒಂದೇ ಥರ ಕಾಣುತ್ತಿದ್ದವು. “ಎಂಜಲಲ್ಲಿರೋ ಕಿಣ್ವ ಗಂಜೀನ ನಿಮಿಷದಲ್ಲಿ ಸಕ್ಕರೆ ಮಾಡುತ್ತೆ. ಎಲ್ಲರ ಬಾಯಲ್ಲೂ ಅದು ಒಂದೇ,” ಎಂದು ಕ್ಲಾಸಿಗೆ ಹೇಳಿದವರು ಅವರೇ.

ಯಾರಾದರೂ ನೋಡುತ್ತಿದ್ದಾರೆಯೇ ಎಂದು ತಿರುಗಿದರೆ, ಹಿಂದೆ ಭಾಗವ್ವ ನಿಂತಿದ್ದಳು.

“ಗಾಜಿಗೆ ಜಿಡ್ಡು ಹಿಡಿದಿತ್ತು, ಅದಕ್ಕೇ...” ಎಂದರು ಟೀಚರ್.

“ಅದು ನಿಮ್ದರಿ ಟೀಚರ್,” ಎಂದಳು ಅವಳು ಮೆಲ್ಲಗೆ. “ನಂದು ಸ್ಟ್ಯಾಂಡಿನ್ಯಾಗ ಐತ್ರಿ. ಕೊಡ್ರಿ, ನಾನೇ ತೊಳೀತೀನಿ.”