ಬಿಳಿ ಪಟ್ಟೆಯ ರಾಜಿ

ಊರಲ್ಲಿ ಗಾಡಿಗಳು ಇಲ್ಲವಾಗಿ ಎರಡು ತಲೆಮಾರು ಕಳೆದಿತ್ತು. ರಸ್ತೆಯ ಬಿಳಿ ಪಟ್ಟೆಗಳ ಬಳಿಗೆ ಈಗ ಮಾತು ಬಿಟ್ಟವರು ಬರುತ್ತಿದ್ದರು. ಆಚೆಗೊಬ್ಬರು ಈಚೆಗೊಬ್ಬರು ನಿಲ್ಲಬೇಕು. ಹಸಿರು ದೀಪಕ್ಕೆ ಇಬ್ಬರೂ ನಡುವಿಗೆ ಬಂದರೆ ರಾಜಿ, ಇಲ್ಲದಿದ್ದರೆ ಸಂಬಂಧ ಅಲ್ಲಿಗೇ ಮುಗಿಯಿತು.

ಅಮ್ಮನ ಹೊಲಿಗೆ ಯಂತ್ರವನ್ನು ಹೇಳದೆ ಕೇಳದೆ ಮಾರಿದ್ದ ಕುಮುದಾ ಈಚೆ ನಿಂತಿದ್ದಳು. ಆಚೆ ಅಕ್ಕ ನಳಿನಿ, ಮುಖ ತಿರುಗಿಸಿಕೊಂಡು.

ಹಸಿರು ಬಂತು. ಕುಮುದಾ ನಡುವಿನವರೆಗೂ ನಡೆದಳು. ಅಕ್ಕ ಕದಲಲಿಲ್ಲ. ಇನ್ನೇನು ಕೆಂಪು ಬೀಳಬೇಕು ಅನ್ನುವಾಗ ನಳಿನಿ ಚಪ್ಪಲಿ ಬಡಿಯುತ್ತ ಓಡಿಬಂದು ಅವಳ ಕೈ ಹಿಡಿದಳು.

"ಕೈಯೆಲ್ಲ ತಣ್ಣಗಾಗಿದೆಯಲ್ಲೇ! ಹಿಂದಿನ ಕಾಲದೋರೂ ಇಲ್ಲಿ ದಾಟೋಕೆ ಹೀಗೇ ಹೆದರ್ತಿದ್ರಂತೆ."

"ಯಾಕಕ್ಕಾ?"

"ಗಾಡಿಗಳು ನಿಲ್ತಾನೇ ಇರ್ಲಿಲ್ವಂತೆ."

ಕುಮುದಾ ಕಣ್ಣೊರೆಸಿಕೊಂಡು ನಕ್ಕಳು. "ನೀನು ನಿಂತೇ ಇದ್ದೆಯಲ್ಲ, ನನ್ ಜೀವ ಹೋಗಿದ್ದು ಅದಕ್ಕೆ."